ಹೋಲ್ಡಾನ್

ಅದಕ್ಕೆ ಚಿಲ್ಲರೆ ಅಂತ ಹೆಸರಿಟ್ಟದ್ದು ಡ್ರೈವರ್ ಇಮ್ಯಾನುಯೆಲ್.
ಡಿಪೋದ ಹಳೆ ಟೈರುಗಳ ನಡುವೆ ಸಿಕ್ಕ ಮರಿ.
ಐನೂರರ ನೋಟು ಚಾಚಿದವರಿಗೆಲ್ಲ ನಾನು
ಇಲ್ಲ, ಇಲ್ಲ ಅನ್ನುತ್ತ ಬಂದದ್ದು
ಕೊನೆಗೂ ನನ್ನ ಚೀಲದಲ್ಲೇ ಮಲಗಿತ್ತು.

ಆಲ್ಕೊಳದಲ್ಲಿ ಮಹಡಿ ಮೇಲೆ ಒಂದೂವರೆ ಕೋಣೆ.
ಆರೂ ಹತ್ತಕ್ಕೆ ಸಾಗರದ ಗಾಡಿ.
ಟ್ರಿಪ್ಪು ಮುಗಿಸಿ ಬಂದು ಬೀಗ ತೆಗೆದರೆ
ದಿನಕ್ಕೊಂದು ವರದಿ, ನೆಲದ ಮೇಲೆ:
ಚಪ್ಪಲಿಯ ಉಂಗುಷ್ಟ. ಬಾಚಣಿಗೆಯ ಹಲ್ಲು.
ಪೆನ್ನು, ಜೊತೆಗೊಂದು ನೀಲಿ ನಾಲಗೆ.
ಪಕ್ಕದ ಮನೆ ಸೆಲ್ವಿಯನ್ನು ಕರೆದು ತೋರಿಸಿ ನಕ್ಕೆ.

ಆಮೇಲೊಂದು ಮಂಗಳವಾರ ಫ್ರಿಜ್ಜಿನ ವೈರು.
ಸಿಪ್ಪೆ ಸುಲಿದು ತಾಮ್ರ ಹೊಳೆಯುತ್ತಿತ್ತು.
ಆವತ್ತು ಬೆಳಗಿನಿಂದ ಕರೆಂಟಿರಲಿಲ್ಲ.
ಮೆಸ್ಕಾಂ ಮೇಲೆ ನನಗಿದ್ದ ಸಿಟ್ಟೆಲ್ಲ
ಅಲ್ಲೇ ಮನ್ನಾ.

ವಾರ ಕಳೆದು ಎಕ್ಸರೇ.
ಪಕ್ಕೆಲುಬಿನಾಚೆ ದುಂಡಗೆ, ಬೆಳ್ಳಗೆ, ಐದರ ನಾಣ್ಯ.
ಹಿಂದಿನ ದಿನ ಕಲೆಕ್ಷನ್ನಿನಲ್ಲಿ ಐದು ರೂಪಾಯಿ ಕಮ್ಮಿ ಬಂದು
ಕೈಯಿಂದ ಕಟ್ಟಿದ್ದೆ.
ಲೆಕ್ಕ ಸಿಕ್ಕಿತು. ನಗು ಸಿಗಲಿಲ್ಲ.

'ಹೊಡೆದಿರಾ?' ಕೇಳಿದರು ಡಾಕ್ಟರ್ ನಫೀಸಾ.
ಒಂದು ಸಲ.
'ಆಗ ಅದು ವೈರಿನ ಬಗ್ಗೆ ಏನೂ ಕಲಿಯಲಿಲ್ಲ,
ನಿಮ್ಮ ಬಗ್ಗೆ ಕಲಿಯಿತು.
ಮನೆಗೆ ಹೋಗಿ ನಾಲ್ಕು ಕಾಲಲ್ಲಿ ನಡೆದು ನೋಡಿ.'

ಬಾಗಿಲು ಹಾಕಿಕೊಂಡು, ಖಾಕಿಯಲ್ಲೇ,
ನಲವತ್ತೇಳರ ಮಂಡಿ ಊರಿದೆ.
ಆ ಎತ್ತರದಲ್ಲಿ ನನ್ನ ಮನೆ ಬೇರೆಯೇ ಊರು.
ಸ್ವಿಚ್ಚಿನ ಕೆಳಗೆ ಸೊಳ್ಳೆ ಎಣ್ಣೆಯ ಬಾಟಲಿ,
ಜಿರಳೆಗೆಂದು ಎಳೆದು ಮರೆತ ಸೀಮೆಸುಣ್ಣದ ಗೆರೆ,
ನುಸಿಗುಳಿಗೆ, ದಾರ ಪೋಣಿಸಿಟ್ಟ ಸೂಜಿ,
ಥೈರಾಯ್ಡ್ ಮಾತ್ರೆಯ ಬೆಳ್ಳಿ ಹಾಳೆ,
ಮಂಚದ ಕಾಲಿನ ಹಿಂದೆ
ಎರಡು ವರ್ಷದ ಹಿಂದೆ ಕಳೆದ ಮೂಗುಬೊಟ್ಟು.
ಸೆಲ್ವಿಯ ಮಗಳ ಮೇಲೆ ಅನುಮಾನ ಪಟ್ಟಿದ್ದೆ,
ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.
ಎಲ್ಲವನ್ನೂ ಎತ್ತಿ ಅಟ್ಟಕ್ಕಿಟ್ಟೆ.
ಅದನ್ನು ಎಲ್ಲಿಡಲಿ?

ಚಿಲ್ಲರೆ ಪಕ್ಕದಲ್ಲೇ ಮೂಸುತ್ತ ಬಂತು,
ಅಂತೂ ಇವಳಿಗೆ ನಡೆಯಲು ಬಂತು ಅನ್ನುವ ಹಾಗೆ.

ಚಪ್ಪಲಿ, ಬಾಚಣಿಗೆ, ಪೆನ್ನು, ನಾಣ್ಯ:
ಎಲ್ಲ ನನ್ನ ಮೈ ತಾಗಿ ಬಂದದ್ದು.
ವೈರೊಂದು ಈ ಲೆಕ್ಕಕ್ಕೆ ಬರುವುದಿಲ್ಲ.
ಇರಲಿ, ಎಲ್ಲದಕ್ಕೂ ಟಿಕೆಟ್ ಹರಿಯಲಾಗದು.

ವೈರಿಗೆ ಪೈಪು ತೊಡಿಸಿದೆ.
ಹಳೆ ಯೂನಿಫಾರ್ಮಿನ ತೋಳು ಹೆಣೆದು, ಗಂಟು ಬಿಗಿದು,
ಗಂಜಿಯಲ್ಲಿ ಅದ್ದಿ, ಐಸಾಗಿಸಿ ಕೊಡುತ್ತೇನೆ;
ನೂಲು ಬಿಚ್ಚಿದರೆ ಅದೇ ದಿನ ಬಿಸಾಡಬೇಕು.
ರಜೆಯಲ್ಲಿ ಬಿಡುವ ಅಭ್ಯಾಸ.
ಚೀಲ ಹೆಗಲಿಗೆ ಹಾಕಿ ಮೂರು ಮೆಟ್ಟಿಲು ಇಳಿದು ವಾಪಸ್ಸು.
ಆಮೇಲೆ ಏಳು. ಆಮೇಲೆ ಗೇಟು. ಆಮೇಲೆ ಹಾಲಿನ ಬೂತು.
ಸ್ಟೇಜು ಸ್ಟೇಜಾಗಿ. ಇದು ಎಕ್ಸ್‌ಪ್ರೆಸ್ಸಲ್ಲ,
ಕೈ ತೋರಿದಲ್ಲೆಲ್ಲ ನಿಲ್ಲುವ ಗಾಡಿ.

'ಬಿಡು' ಅಂದರೆ ಬಿಡುತ್ತಿರಲಿಲ್ಲ.
ಒಂದು ಸಂಜೆ ಮಾತ್ರೆ ಹಾಳೆ ಕೈಜಾರಿ, ಅದರ ಬಾಯಿಗೆ ಸೇರಿ,
ದಿಗಿಲಿಗೆ ನನ್ನ ಬಾಯಿಂದ ಬಂದದ್ದು: ಹೋಲ್ಡಾನ್!
ಬಾಯಿ ತೆರೆಯಿತು.
ಐವತ್ತು ಜನರ ಗಾಡಿ ನಿಲ್ಲಿಸುವ ಮಾತಿಗೆ
ಹತ್ತು ಕೆಜಿ ಯಾವ ಲೆಕ್ಕ.

ನಾಣ್ಯ ಮೂರನೇ ದಿನ ತಾನೇ ಹೊರಬಂದಿತ್ತು.
ತೊಳೆದೆ. ಕುಂಸಿಯಲ್ಲಿ ಇಳಿದವರಿಗೆ ಕೊಟ್ಟೆ,
ಯಾರಿಗೆಂದು ಕೇಳಬೇಡಿ.

ಹೊರಡುವಾಗ ಮುದ್ದು ಬೇಡ, ಬೈಗುಳ ಬೇಡ,
ಹೇಳಿ ಹೋಗುವುದೇ ಬೇಡ, ಅಂದಿದ್ದಾರೆ ಡಾಕ್ಟರು.
ಹೋಗುತ್ತೇನೆ ಅನ್ನಬಾರದು, ಬರುತ್ತೇನೆ ಅನ್ನಬೇಕು,
ಅಂತ ಬೆಳೆದವಳು ನಾನು.
ಈಗ ಎರಡೂ ಅನ್ನದೆ ಚಿಲಕ ಹಾಕುತ್ತೇನೆ.

ಗಾಡಿ ಆಲ್ಕೊಳ ಸರ್ಕಲ್ಲಿಗೆ ಬಂದಾಗ
ಇಮ್ಯಾನುಯೆಲ್ ಹಾರನ್ನಿಗೆ ಕೈ ಒಯ್ಯುತ್ತಾನೆ,
ಕನ್ನಡಿಯಲ್ಲಿ ನನ್ನ ಮುಖ ನೋಡಿ ಹಿಂದಕ್ಕೆ ತೆಗೆಯುತ್ತಾನೆ.
ನಮ್ಮ ಕಿಟಕಿ ಎಡಕ್ಕೆ.
ನಾನು ಬಲಗಡೆ ಸೀಟಿನವರತ್ತ ತಿರುಗಿ
ಅಗತ್ಯಕ್ಕಿಂತ ಜೋರಾಗಿ ಕೂಗುತ್ತೇನೆ:
ಆಯನೂರು ಯಾರು, ಆಯನೂರು?
ಚಿಲ್ಲರೆ ಇದ್ದರೆ ಕೊಡಿ.